ಬಾಗಲಕೋಟೆಯ ಮಾಳಿಗೆಮನೆಗೆ ಗೊಂಬೆಮನೆ ಅಂಗಡಿಯ ಖರೀದಿ: ನನ್ನ ಅನುಭವ

ಗೊಂಬೆಮನೆ ಅಂಗಡಿಯಲ್ಲಿ ಸಿಗುವ ವಿಲಾಯತಿ ಸಾಮಾನಿನಿಂದ ನಮ್ಮ ಕಡೆಯ ಮಾಳಿಗೆಮನೆಯ, ಅಂದರೆ ಮಣ್ಣಿನ ಸಮತಟ್ಟು ಚಾವಣಿಯ ಮನೆಯ, ಪುಟ್ಟ ಮಾದರಿ ಕಟ್ಟಲಾಗದೆಂದು ಗೊಂಬೆಮನೆ ಕಟ್ಟುವ ಹವ್ಯಾಸದ ಗೆಳೆಯರೆಲ್ಲ ಹೇಳುತ್ತಿದ್ದರು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯ ಒಂದು ಮನೆಯನ್ನು ಪಡಸಾಲೆ, ಜಂತಿ, ಬೆಳಕಿಂಡಿಗಳ ಸಹಿತ ನಿಜವಾದ ಮನೆಯ ಒಂದು ಅಡಿಗೆ ಒಂದಿಂಚಿನ ಲೆಕ್ಕದಲ್ಲಿ ಮುಗಿಸಿ, ಅಲ್ಲಿಯೇ ಬೆಳೆದವರ ಕುಟುಂಬಕ್ಕೆ ಒಪ್ಪಿಸಿದ ಮೇಲೆ ಆ ಮಾತು ನಿಂತಿತು.

ಬೆಂಗಳೂರಿನಲ್ಲಿ ನಾನು ಹೋಗುವ ಅಂಗಡಿಯಲ್ಲಿ ಬೆಂಕಿಗೂಡು, ಗಾಜಿನ ಕಿಟಕಿ, ಮೆಟ್ಟಿಲ ಕಟಕಟೆ ಇಂಥವೇ ತುಂಬಿವೆ. ಪೊಟ್ಟಣದ ಮೇಲಿನ ಹೆಸರನ್ನು ನಾನು ಓದುವುದಿಲ್ಲ; ನನಗೆ ಬೇಕಾದ ಅಳತೆಗಳನ್ನಷ್ಟೇ ಚೀಟಿಯಲ್ಲಿ ಬರೆದೊಯ್ಯುತ್ತೇನೆ. ಹೊರಸಿನ (ಮಂಚದ) ಕಾಲು ಒಂದೂವರೆ ಇಂಚು ಬೇಕು. ಕಟಕಟೆಯ ಮೂರಿಂಚಿನ ಕಡೆದ ಕಂಬವನ್ನು ನಡುವೆ ಕೊಯ್ದರೆ ಎರಡು ಕಾಲು ಸಿಗುತ್ತವೆ, ಆದರೆ ಎರಡೂ ತುದಿಗಳ ಕಡೆತ ಒಂದೇ ಬಗೆಯದಾಗಿರುವ ನಮೂನೆಯನ್ನೇ ಆರಿಸಬೇಕು. ಡಜನ್ನಿಗೆ ಸುಮಾರು 350 ರೂಪಾಯಿ ಕೊಟ್ಟ ನೆನಪು, ಅಷ್ಟರಲ್ಲಿ ಆರು ಹೊರಸುಗಳಾದವು. ಹಿತ್ತಾಳೆಯ ಮೇಣದಬತ್ತಿ ಕಂಬದ ತುದಿಯನ್ನು ಅರದಿಂದ ಉಜ್ಜಿ, ಚಿಕ್ಕ ಬಟ್ಟಲು ಕೂರಿಸಿದರೆ ದೇವರ ಮುಂದಿನ ಸಮೆ, ಅಂದರೆ ದೀಪದ ಕಂಬ, ಆಗುತ್ತದೆ.

ಸಣ್ಣ ಅಳತೆ ನೋಡುವ ಕ್ಯಾಲಿಪರ್ ಇಲ್ಲದೆ ಅಂಗಡಿಗೆ ಕಾಲಿಡಬೇಡಿ. ಬೇರೊಂದು ಅಂಗಡಿಯವರು ನಿಜದ ಹನ್ನೆರಡರಲ್ಲೊಂದು ಪಾಲಿನ ಅಳತೆಯೆಂದು ಕೊಟ್ಟ ಕುರ್ಚಿಗಳು ಹದಿನಾರರಲ್ಲೊಂದು ಪಾಲಿನವಾಗಿದ್ದವು. ಕೂಡುವ ಹಲಗೆ ಬೇಕಾದಷ್ಟು ಎತ್ತರವಿರದೆ ಒಂದಿಂಚಿಗಿಂತ ತುಸುವೇ ಮೇಲಿತ್ತು. ಹಣವನ್ನೂ ಮರಳಿಸಲಿಲ್ಲ, ಸುಮಾರು 900 ರೂಪಾಯಿ ಹೋಯಿತು.

ಹೆಚ್ಚು ಹಣ ತಿಂದದ್ದು ಮಾಳಿಗೆ. ಮೇಲ್ಮುದ್ದೆಗೆ, ಅಂದರೆ ಮಾಳಿಗೆಯ ಮೇಲಿನ ಮಣ್ಣಿನ ಪದರಕ್ಕೆ, ನಿಜವಾದ ಮಣ್ಣನ್ನೇ ಬಳಸುವ ಹಟ ನನ್ನದು. ಬಾಲ್ಸಾ ಎಂಬ ಹಗುರ ಕಟ್ಟಿಗೆಯ ಜಂತಿಗಳು ಹಸಿ ಮಣ್ಣಿನ ನೀರು ಕುಡಿದು ರಾತ್ರಿ ಕಳೆಯುವುದರೊಳಗೆ ಬಾಗಿದವು, ಮರುಸಲ ವಾರ್ನಿಶ್ ಬಳಿದರೂ ಬಾಗಿದವು. ಕೊನೆಗೆ ಅದೇ ಅಂಗಡಿಯ, ಬಾಲ್ಸಾಕ್ಕಿಂತ ಗಟ್ಟಿಯಾದ ಬಾಸ್‌ವುಡ್ ಕಟ್ಟಿಗೆಯ ಪಟ್ಟಿ, ಕಾಲಿಂಚು ದಪ್ಪದ್ದು, ಹೆಚ್ಚುಕಡಿಮೆ ಮೂರು ಪಟ್ಟು ಬೆಲೆ ಕೊಟ್ಟು ತಂದೆ, ಅದು ಜಗ್ಗಲಿಲ್ಲ. ಪಟ್ಟಿಗಳನ್ನು ಪಿವಿಸಿ ಪೈಪಿನಲ್ಲಿ ತುಂಬಿ ಎರಡೂ ಬಾಯಿ ಮುಚ್ಚಿ ತಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನ ನೂಕುನುಗ್ಗಲಿನಲ್ಲಿಯೂ ಮುರಿಯುವುದಿಲ್ಲ. ನಮ್ಮ ಬೇಸಿಗೆಗೆ ಮಣ್ಣು ಬಿರಿಯದಂತೆ ನಾನು ಬೆರೆಸುವ ವಸ್ತುವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಬಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳುವುದೇ ದಂಡ. ಇಳಕಲ್ ಸೀರೆಯ ದಡಿಯನ್ನು ಕತ್ತರಿಸಿ ನೋಡಿದೆ. ಅರ್ಧ ಇಂಚಿನ ನಮೂನೆಯೂ ಈ ಅಳತೆಯಲ್ಲಿ ಆರಿಂಚಿನದಾಗಿ ಕಾಣುತ್ತದೆ. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತೀರ ಸಣ್ಣ ಬುಟ್ಟಾದ ತುಣುಕುಗಳು ಹೊಂದಿದವು. ತಲೆದಿಂಬಿಗೆ ಅದಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನು ಕಂಡಿಲ್ಲ. ತೂಗುಮಂಚದ ಸರಪಳಿಯನ್ನೂ ಊರಿನಲ್ಲಿಯೇ, ನಕಲಿ ಆಭರಣ ಕಟ್ಟುವವರಿಂದ ತಂದೆ.

ಹೀಗೆ ಕಟ್ಟಿಗೆ, ತಿರುಗಣಿ, ಕಡೆದ ಕಂಬಗಳಿಗಷ್ಟೇ ಬೆಂಗಳೂರನ್ನು ನಂಬಿದ್ದರಿಂದ, ಮೊದಲ ಮನೆಗೆ ಹದಿನಾಲ್ಕು ಸಾವಿರದಷ್ಟಾಗಿದ್ದ ಸಾಮಾನಿನ ಖರ್ಚು ಈ ಮನೆಗೆ ಆರು ಸಾವಿರದ ಆಸುಪಾಸಿಗೆ ಇಳಿಯಿತು. ಈಗ ಬೀಸುವ ಕಲ್ಲಿಗಾಗಿ ಬಾದಾಮಿಯ ಕೆಂಪು ಮರಳುಗಲ್ಲನ್ನು ಕೊರೆಯಿಸುತ್ತಿದ್ದೇನೆ; ಒಂದೂಕಾಲು ಇಂಚಿನ ಬಿಲ್ಲೆಗೆ ಗೂಟದ ತೂತು ಹಾಕುವಾಗ ಅಂಚು ಉದುರುತ್ತಿರುವುದರಿಂದ, ಮುಂದಿನ ಸಲ ವಜ್ರದ ಪುಡಿ ಲೇಪಿಸಿದ ಒಂದು ಮಿಲಿಮೀಟರ್ ಬಿಟ್ ತರಬೇಕಾಗಿದೆ.