ಸ್ಕೇಲು ಹಿಡಿದು ಪೇಪರ್ ಓದಿದ ಬಿ.ಎ. ದಿನಗಳು

ಪತ್ರಿಕೋದ್ಯಮ ಓದಲು ಹೊರಟ ಹುಡುಗರು ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಕೇಳುತ್ತಾರೆ. ಮೊದಲು ಒಂದು ಸ್ಕೇಲು ತಗೊಳ್ಳಿ ಅನ್ನುತ್ತೇನೆ. ತಮಾಷೆಗಲ್ಲ. ಮೈಸೂರಿನಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಜೊತೆ ಪತ್ರಿಕೋದ್ಯಮ ತೆಗೆದುಕೊಂಡು ಬಿ.ಎ. ಮಾಡಿದ ನನಗೆ ಪಾಠ ತಲೆಗೆ ಹತ್ತಿದ್ದು ಆ ಸ್ಕೇಲಿನಿಂದಲೇ. ಈಗ ಪತ್ರಿಕೆಯೊಂದರ ಜಿಲ್ಲಾ ಪುಟಗಳ ಡೆಸ್ಕಿನಲ್ಲಿ ಉಪಸಂಪಾದಕಿ.

ಮೊದಲ ಸೆಮಿಸ್ಟರ್ ಬರೀ ಇತಿಹಾಸ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದದ್ದು ಪರೀಕ್ಷೆಗೆ ಬಂದೇ ಬರುತ್ತದೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆದದ್ದನ್ನು ಯಾಕೋ ಯಾರೂ ಕೇಳುವುದಿಲ್ಲ. ಮೈಸೂರಿನ ಕಥೆಯೂ ಇತ್ತು: ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದ್ದು. ಇವನ್ನೆಲ್ಲ ಉರು ಹೊಡೆದರೆ ನಂಬರ್ ಬರುತ್ತದೆ, ಅಷ್ಟೇ.

ಕಷ್ಟ ಶುರುವಾದದ್ದು ಸಂವಹನ ಸಿದ್ಧಾಂತದಲ್ಲಿ. ಬಾಣದ ಗುರುತಿನ ಚಿತ್ರ ಬರೆದು ‘ಸಂದೇಶ, ಮಾಧ್ಯಮ, ಗ್ರಾಹಕ’ ಎಂದು ಹೆಸರು ಹಾಕುವುದೇ ಓದು ಅಂದುಕೊಂಡಿದ್ದವರು ಅಲ್ಲೇ ಉಳಿದರು. ಮಾಧ್ಯಮ ಯಾವುದಕ್ಕೆ ಒತ್ತು ಕೊಡುತ್ತದೋ ಅದನ್ನೇ ಜನ ಮುಖ್ಯ ಅಂದುಕೊಳ್ಳುತ್ತಾರೆ ಎನ್ನುವ ‘ಅಜೆಂಡಾ ಸೆಟ್ಟಿಂಗ್’ ಪಾಠವನ್ನು ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಮುಗಿಸಲಿಲ್ಲ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹೊತ್ತಿಗೆ ಮೆಕೋಂಬ್ಸ್ ಮತ್ತು ಶಾ ಎಂಬಿಬ್ಬರು ಸಂಶೋಧಕರು ಅಲ್ಲಿನ ಚಾಪೆಲ್ ಹಿಲ್ ಎಂಬ ಊರಿನಲ್ಲಿ ಮತ ಯಾರಿಗೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತಾಡಿಸಿದರು. ಜನ ಮುಖ್ಯ ಎಂದ ವಿಷಯಗಳನ್ನೂ ಮಾಧ್ಯಮಗಳು ಒತ್ತುಕೊಟ್ಟ ವಿಷಯಗಳನ್ನೂ ಹೋಲಿಸಿ 1972ರಲ್ಲಿ ಪ್ರಕಟಿಸಿದರು. ಎರಡು ಪಟ್ಟಿಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು. “ನಿಮ್ಮ ನಿಮ್ಮ ಊರಲ್ಲಿ ಹೀಗೇ ಇದೆಯಾ, ನೋಡಿಕೊಂಡು ಬನ್ನಿ” ಅಂದರು ಮೇಷ್ಟ್ರು.

ನನ್ನ ಊರು ನಂಜನಗೂಡು. ಹಳೇ ಪೇಪರುಗಳನ್ನು ನೆಲದ ಮೇಲೆ ಹರಡಿ, ಪ್ರತಿ ಸುದ್ದಿ ಎಷ್ಟು ಕಾಲಂ ಅಗಲ, ಎಷ್ಟು ಸೆಂಟಿಮೀಟರ್ ಉದ್ದ ಎಂದು ಅಳೆದೆ. ಹೆಡ್ಡಿಂಗು, ಫೋಟೊ ಸೇರಿಸಿ ಒಂದು ಲೆಕ್ಕ, ಬಿಟ್ಟು ಒಂದು ಲೆಕ್ಕ. ಸ್ಥಳೀಯ ಪುಟ ತುಂಬಾ ಸನ್ಮಾನ, ಶಂಕುಸ್ಥಾಪನೆ, ಜಯಂತಿ. ಆಮೇಲೆ ಬಸ್ ಸ್ಟ್ಯಾಂಡ್, ತರಕಾರಿ ಅಂಗಡಿ ಸುತ್ತಿ ಜನರನ್ನು ಕೇಳಿದೆ. ಊರಿನ ಸಮಸ್ಯೆ ಏನು ಅಂದರೆ ಎಲ್ಲರೂ ಚರಂಡಿ, ಬೆಳಗಿನ ಬಸ್ಸು ಅಂದರು. ದೇಶದ ಸಮಸ್ಯೆ ಏನು ಅಂದರೆ ಮಾತ್ರ ಮುಖಪುಟದಲ್ಲಿದ್ದುದನ್ನೇ ಒಪ್ಪಿಸಿದರು. ಮೇಷ್ಟ್ರು ನಕ್ಕರು. ಮನೆ ಮುಂದಿನ ಚರಂಡಿ ನಾರುವುದನ್ನು ತಿಳಿಯಲು ಯಾರಿಗೂ ಪೇಪರ್ ಬೇಡ. ಕಣ್ಣಿಗೆ ಕಾಣದ ದೂರದ ಸಂಗತಿಗಳಲ್ಲೇ ಮಾಧ್ಯಮದ ಆಟ ಜೋರು. ಪುಸ್ತಕದಲ್ಲಿ ಇದೂ ಇತ್ತು. ಓದಿದ್ದೆ, ಆದರೆ ಅರ್ಥ ಆದದ್ದು ಆ ಸಂಜೆ.

ಪಾಠ ಕಲಿಸಿದ ಇನ್ನೊಂದು, ವಿದ್ಯಾರ್ಥಿಗಳೇ ತರುವ ಕಾಲೇಜಿನ ಪ್ರಾಯೋಗಿಕ ಪತ್ರಿಕೆ. ಟ್ಯಾಬ್ಲಾಯ್ಡ್ ಗಾತ್ರದ, ಅಂದರೆ ಮಾಮೂಲಿ ಪೇಪರಿನ ಅರ್ಧದಷ್ಟಿರುವ, ನಾಲ್ಕು ಪುಟ. ಎಲ್ಲರಿಗೂ ಬೈಲೈನ್, ಅಂದರೆ ಸುದ್ದಿಯ ಜೊತೆ ತಮ್ಮ ಹೆಸರು ಬೇಕು, ಪ್ರೆಸ್‌ನೋಟ್ ಎಡಿಟಿಂಗ್ ಯಾರಿಗೂ ಬೇಡ. ಅದು ನನ್ನ ಪಾಲಿಗೆ ಬಂತು. ಹೇಗಿರುತ್ತಿತ್ತು ನೋಡಿ: “ಸನ್ಮಾನ್ಯ ಶಾಸಕರ ಘನ ಉಪಸ್ಥಿತಿಯಲ್ಲಿ, ಗಣ್ಯಾತಿಗಣ್ಯರು ಜ್ಯೋತಿ ಬೆಳಗಿಸುವ ಮೂಲಕ ವಿದ್ಯುಕ್ತವಾಗಿ ಚಾಲನೆ ನೀಡಿದ ಸಮಾರಂಭದಲ್ಲಿ…” ಹೀಗೇ ಒಂದು ಪುಟ, ವೇದಿಕೆ ಮೇಲಿದ್ದವರೆಲ್ಲರ ಹೆಸರು. ಕೊನೆಯ ಸಾಲಿಗೆ ಬಂದರೆ, ಬಡಾವಣೆಗೆ ಇನ್ನು ಮೇಲೆ ದಿನ ಬಿಟ್ಟು ದಿನ ನೀರು. ಆ ಸಾಲು ಮೇಲೆ ಬಂದು ಇಂಟ್ರೊ, ಅಂದರೆ ಸುದ್ದಿಯ ಮೊದಲ ಪ್ಯಾರಾ ಆಯಿತು, ಶಾಸಕರು ಮೂರನೇ ಪ್ಯಾರಾಕ್ಕೆ ಇಳಿದರು, ಜ್ಯೋತಿ ಆರಿತು. ಇವತ್ತಿಗೂ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಕಾನೂನಿನ ಪೇಪರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಎಲ್ಲರಿಗೂ ಬಾಯಿಪಾಠ, ಅದಕ್ಕೆ ಮಿತಿ ಹಾಕಲು ಅವಕಾಶ ಕೊಡುವ 19(2) ಮರೆತುಹೋಗಿರುತ್ತದೆ. ಮಾನಹಾನಿಗೆ ಹಳೇ ನೋಟ್ಸಿನಲ್ಲಿ ಐಪಿಸಿ 499 ಎಂದಿದ್ದರೆ ತಿದ್ದಿಕೊಳ್ಳಿ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356. ಮಾಹಿತಿ ಹಕ್ಕಿನ ಪಾಠ ಬಂದಾಗ ನಿಜವಾಗಿಯೇ ಒಂದು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ ಗಡುವು. ಮುಂದೂಡುವ ಕಚೇರಿಯ ಭಾಷೆ ಹೇಗಿರುತ್ತದೆ ಎಂದು ಅದರಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಜೊತೆಯ ವಿಷಯಗಳ ಆಯ್ಕೆಯೂ ಮುಖ್ಯ. ಪುರಸಭೆ ಬಜೆಟ್ ಕೈಗೆ ಬಂದಾಗ ನೆರವಿಗೆ ನಿಂತದ್ದು ಪತ್ರಿಕೋದ್ಯಮವಲ್ಲ, ಅರ್ಥಶಾಸ್ತ್ರ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಂಡು ಕನ್ನಡದಲ್ಲಿ ಬರೆಯುವ ಅಭ್ಯಾಸವೂ ಬೇಕು: ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅಂಕಪಟ್ಟಿಯನ್ನು ಮಗುಚಿಯೂ ನೋಡಲಿಲ್ಲ. ಸುದ್ದಿಸಂಸ್ಥೆ ಕಳಿಸಿದ ಇಂಗ್ಲಿಷಿನ ಏಜೆನ್ಸಿ ಕಾಪಿ ಒಂದು, ಉದ್ದದ ಪ್ರೆಸ್‌ನೋಟ್ ಒಂದು ಮುಂದಿಟ್ಟು, “ಎರಡೂ ಸೇರಿ ಒಂದು ಕಾಲಂ ದಾಟಬಾರದು ಮೇಡಂ” ಅಂದರು.