ಏಜೆಂಟ್ ಯಾರ ಕಡೆ? ಸಹಿ ಹಾಕುವ ಮುನ್ನ ನಾನು ನೋಡುವುದು

ಮನೆ ಮಾರಲು ಏಜೆಂಟನ್ನು ಆರಿಸುವಾಗ ನಾನು ಮೊದಲು ಹಾಕುವುದು ಕಮಿಷನ್ ಲೆಕ್ಕ. ಕಮಿಷನ್ ಶೇ 2 ಎಂದುಕೊಳ್ಳಿ. 100ಕ್ಕೆ ಹೋಗಬೇಕಾದ ಮನೆ 95ಕ್ಕೆ ಹೋದರೆ ಮಾಲೀಕರಿಗೆ ಸುಮಾರು 5 ನಷ್ಟ, ಏಜೆಂಟಿಗೆ ಬರೀ 0.1. ಅಷ್ಟಕ್ಕಾಗಿ ಇನ್ನೊಂದು ತಿಂಗಳು ಯಾರು ಓಡಾಡುತ್ತಾರೆ? "ಮಾರ್ಕೆಟ್ ಬಿದ್ದಿದೆ, ಬಂದ ಬೆಲೆಗೆ ಕೊಟ್ಟುಬಿಡಿ" ಎನ್ನುವ ಸಲಹೆಯ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಜೆಂಟರು ಸ್ವಂತ ಮನೆ ಮಾರುವಾಗ ಗ್ರಾಹಕರ ಮನೆಗಿಂತ ಸುಮಾರು 9.5 ದಿನ ಹೆಚ್ಚು ಕಾದು, ಸುಮಾರು ಶೇ 3.7 ಹೆಚ್ಚು ಬೆಲೆ ಪಡೆದಿದ್ದರು.

ಹಾಗಾಗಿ ಕನಿಷ್ಠ ಮೂವರಿಂದ ಬೆಲೆ ಅಂದಾಜನ್ನು ಬರಹದಲ್ಲಿ ಕೇಳುತ್ತೇನೆ. ಜೊತೆಗೆ ಕಳೆದ 6 ತಿಂಗಳಲ್ಲಿ ಆಸುಪಾಸಿನಲ್ಲಿ ನಿಜಕ್ಕೂ ಮಾರಾಟವಾದ ಮನೆಗಳ ವಿವರ ಬೇಕು. ಜಾಹೀರಾತಿನ ಬೆಲೆ ಲೆಕ್ಕಕ್ಕಿಲ್ಲ. ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವರ ಮೇಲೆಯೇ ನನಗೆ ಅನುಮಾನ ಜಾಸ್ತಿ. ಸಹಿ ಬೀಳುವವರೆಗೆ ಏರಿಸಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಸುವುದು ಹಳೆಯ ವರಸೆ.

ಎಲ್ಲಕ್ಕಿಂತ ಅಪಾಯ ಮಾರುವವರು, ಕೊಳ್ಳುವವರು ಇಬ್ಬರಿಗೂ ಕೆಲಸ ಮಾಡುವ ಏಜೆಂಟರದು. ಅವರಿಗೆ ನಿಮ್ಮ ಕನಿಷ್ಠ ಬೆಲೆಯೂ ಗೊತ್ತು, ಕೊಳ್ಳುವವರ ಗರಿಷ್ಠ ಬೆಲೆಯೂ ಗೊತ್ತು. ಇಬ್ಬರಿಂದಲೂ ಕಮಿಷನ್ ಬರುವುದಾದರೆ ಹೊರಗಿನ ಒಳ್ಳೆಯ ಆಫರ್ ನಿಮ್ಮ ಕಿವಿಗೇ ಬೀಳದಿರಬಹುದು. "ಈ ವ್ಯವಹಾರದಲ್ಲಿ ನಿಮಗೆ ಯಾರ್ಯಾರಿಂದ ಹಣ ಬರುತ್ತದೆ?" ಎಂದು ನೇರವಾಗಿ ಕೇಳಿ, ಉತ್ತರವನ್ನು ಒಪ್ಪಂದದಲ್ಲೇ ಬರೆಸುತ್ತೇನೆ. ಬಂದ ಪ್ರತಿ ಆಫರನ್ನೂ 24 ಗಂಟೆಯೊಳಗೆ ಲಿಖಿತವಾಗಿ ತಿಳಿಸಬೇಕು. ಕೊಳ್ಳುವವರು ಏಜೆಂಟಿನ ಬಂಧುವೋ ಪಾಲುದಾರರೋ ಆಗಿದ್ದರೆ ಮೊದಲೇ ಹೇಳಬೇಕು. ಈ ಎರಡು ಷರತ್ತಿಗೆ ತಕರಾರು ತೆಗೆದವರ ಜೊತೆ ನಾನು ಮುಂದುವರಿಯುವುದಿಲ್ಲ. ಕನಿಷ್ಠ ಬೆಲೆಯನ್ನಂತೂ ಯಾರಿಗೂ ಬಾಯಿಬಿಡುವುದಿಲ್ಲ.

"ನನಗಿಷ್ಟು ಕೊಡಿ, ಮೇಲಿನದು ನಿಮಗೆ" ಎಂಬ ಒಪ್ಪಂದ ಬೇಡವೇ ಬೇಡ. ಆಗ ನಿಮ್ಮ ಬೆಲೆಯನ್ನು ತಗ್ಗಿಸುವುದೇ ಏಜೆಂಟಿನ ಲಾಭ. ಅದರ ಬದಲು ಒಂದು ಮಟ್ಟದವರೆಗೆ ಸಾಮಾನ್ಯ ಕಮಿಷನ್, ಅದಕ್ಕಿಂತ ಮೇಲಿನ ಮೊತ್ತಕ್ಕೆ ಮಾತ್ರ ಶೇ 10 ಎಂದು ಬರೆಸಬಹುದು. ಆ ಮಟ್ಟವನ್ನು ಮಾರಾಟದ ದಾಖಲೆ ನೋಡಿ ನೀವೇ ಗೊತ್ತು ಮಾಡಿ. ಏಜೆಂಟಿಗೆ ಬಿಟ್ಟರೆ ಅದನ್ನು ಕೆಳಗಿಟ್ಟು, ಸುಲಭವಾಗಿ ಬರುವ ಬೆಲೆಗೂ ಹೆಚ್ಚುವರಿ ಎಣಿಸುತ್ತಾರೆ.

ಕೊಳ್ಳುವವರಿಗೂ ಇದೇ ತೊಡಕು: ಬೆಲೆ ಏರಿದಷ್ಟೂ ಕಮಿಷನ್ ಏರುತ್ತದೆ. ನಿಗದಿತ ಶುಲ್ಕ ವಾಸಿ. ವಕೀಲರು, ಕಟ್ಟಡ ಪರೀಕ್ಷಕರು, ಸಾಲ ಕೊಡುವವರು ಏಜೆಂಟಿನ ಪಟ್ಟಿಯಿಂದ ಬರಬಾರದು. ಮುಂದಿನ ಕೆಲಸವೂ ಅದೇ ಏಜೆಂಟಿನಿಂದ ಬರಬೇಕಾದ ಪರೀಕ್ಷಕರಿಗೆ ಗೋಡೆಯ ಬಿರುಕನ್ನು ದೊಡ್ಡದಾಗಿ ಬರೆಯಲು ಕೈ ಬರುವುದು ಕಷ್ಟ.