ವಿದೇಶಿ ನೆರವಿನ ಆರೋಗ್ಯ ಯೋಜನೆ: ನಮ್ಮೂರಿಗೆ ಏನು ಬಂತು ಅಂತ ಪತ್ತೆ ಹಚ್ಚುವುದು ಹೇಗೆ?

ಕುಷ್ಟಗಿ, ದೇವದುರ್ಗ, ಸಂಡೂರು ಕಡೆಯ ಉಪಕೇಂದ್ರಗಳ ಗೋಡೆ ಮೇಲೆ ತಾಯಿ-ಮಗುವಿನ ಹಳೇ ಪೋಸ್ಟರ್ ಕಂಡರೆ ಅದರ ಕೆಳಮೂಲೆ ನೋಡಿ. ಯಾವುದೋ ಸಂಸ್ಥೆಯ ಲೋಗೊ ಇರಬಹುದು. ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಆ ಪ್ರಾಜೆಕ್ಟ್ ಮುಗೀತ್ರೀ." ಮುಗಿದ ಮೇಲೆ ಏನು ಉಳಿಯಿತು? ಸ್ವಸಹಾಯ ಸಂಘದವರು, ಪಂಚಾಯಿತಿ ಸದಸ್ಯರು ಕೇಳಬೇಕಾದ ಪ್ರಶ್ನೆ ಇದೇ.

1. ದುಡ್ಡು ಬಂದ ದಾರಿ ಗುರುತಿಸಿ

ದಾರಿ ಮುಖ್ಯವಾಗಿ ಮೂರು. ವಿಶ್ವಬ್ಯಾಂಕ್ ಸರ್ಕಾರಕ್ಕೆ ಸಾಲ ಕೊಡುತ್ತದೆ. 1970ರ ದಶಕದಲ್ಲಿ ಅದು ಭಾರತದಲ್ಲಿ ಕೈಹಾಕಿದ ಮೊದಲ ಜನಸಂಖ್ಯಾ ಯೋಜನೆಯಲ್ಲೇ ಕರ್ನಾಟಕವೂ ಇತ್ತು. ಇದು ತೀರಿಸಬೇಕಾದ ದುಡ್ಡು, ದಾನವಲ್ಲ. ಎರಡನೆಯದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ. 1969ರಲ್ಲಿ ಶುರುವಾಗಿ 1974ರಿಂದ ಭಾರತದಲ್ಲಿದೆ. ದುಡ್ಡಿಗಿಂತ ಜಾಸ್ತಿ ತರಬೇತಿ, ಸಲಹೆ ಕೊಡುವುದು ಇದರ ಕೆಲಸ. ಮೂರನೆಯದು ಎನ್‌ಜಿಒಗಳಿಗೆ ಬರುವ ಅನುದಾನ. ಇದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಈ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಊರಿನ ಚಿಕ್ಕ ಸಂಸ್ಥೆಗಳು ಸೊರಗಿದ್ದಕ್ಕೆ ಇದೂ ಒಂದು ಕಾರಣ ಅನ್ನುವುದು ನನ್ನ ಅನಿಸಿಕೆ.

2. ಆಶಾ ಅಕ್ಕನನ್ನು ಮಾತಾಡಿಸಿ

ಕಚೇರಿಗಿಂತ ಮೊದಲು ಇಲ್ಲಿಗೆ ಬನ್ನಿ. ಯಾವ ತರಬೇತಿ ಆಯಿತು, ಕೈಯಲ್ಲಿರುವ ಡೈರಿ ಯಾರು ಕೊಟ್ಟರು, ಈಗಲೂ ಬರೆಯುತ್ತೀರಾ ಅಂತ ಕೇಳಿ. ಉದಾಹರಣೆಗೆ, ಗೇಟ್ಸ್ ಫೌಂಡೇಷನ್ ನೆರವಿನ 'ಸುಕ್ಷೇಮ' ಯೋಜನೆ ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ತಾಯಿ-ಶಿಶು ಆರೈಕೆಗೆ ಕೆಲಸ ಮಾಡಿತ್ತು. ಅಂಥದ್ದರಲ್ಲಿ ಉಳಿಯುವುದು ಕಲಿತ ಕೈಗಳೇ.

3. ಜಿಲ್ಲೆಯ ಅಂಕಿಅಂಶ ತೆಗೆಯಿರಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ವಿವರ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. 2019–21ರ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಮಕ್ಕಳಾಗದ ಆಪರೇಷನ್ ಆಗಿದೆ. ಗಂಡಸರದ್ದು? ಹೆಚ್ಚುಕಡಿಮೆ ಸೊನ್ನೆ! ಹಾಗಾಗಿ ಹೊಸ ಯೋಜನೆ ಬಂದರೆ ಮತ್ತೆ ಆಪರೇಷನ್ ಲೆಕ್ಕವೇ, ಇಲ್ಲ ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ಕಾಪರ್-ಟಿಯಂಥ ತಾತ್ಕಾಲಿಕ ಗರ್ಭನಿರೋಧಕ ಸರಿಯಾಗಿ ಸಿಗುವಂತೆ ಮಾಡುತ್ತಾರಾ ಅಂತ ಕೇಳಿ. 1994ರ ಕೈರೋ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು ಮಕ್ಕಳೆಷ್ಟು, ಯಾವಾಗ ಅನ್ನುವ ಆಯ್ಕೆ ಜನರದ್ದೇ ಅಂತ ಒಪ್ಪಿದವು. 1996ರಲ್ಲಿ ಭಾರತವೂ ಇಷ್ಟು ಮಂದಿಗೆ ಮಾಡಿಸಲೇಬೇಕು ಅನ್ನುವ ಟಾರ್ಗೆಟ್ ಕೈಬಿಟ್ಟಿತು. ಯಾರಾದರೂ "ಟಾರ್ಗೆಟ್ ಇದೆ, ಬನ್ನಿ" ಅಂದರೆ ಇದನ್ನು ನೆನಪಿಸಿ.

4. ಮಾಹಿತಿ ಹಕ್ಕಿನ ಅರ್ಜಿ ಹಾಕಿ

ಬಹುತೇಕ ಎನ್‌ಜಿಒಗಳು ನೇರವಾಗಿ ಈ ಕಾಯ್ದೆಗೆ ಒಳಪಡುವುದಿಲ್ಲ. ಆದ್ದರಿಂದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಿ. ನಮೂನೆ 'ಎ', ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ದೂರು, ಸಿಟ್ಟು ಎಲ್ಲ ಬಿಟ್ಟು, ದಾಖಲೆಯನ್ನಷ್ಟೇ ಕೇಳಿ:

"ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಮ್ಮ ತಾಲ್ಲೂಕಿನಲ್ಲಿ ಸಂತಾನೋತ್ಪತ್ತಿ ಆರೋಗ್ಯಕ್ಕೆ ಇಲಾಖೆಯೊಂದಿಗೆ ಕೆಲಸ ಮಾಡಿದ ಹೊರ ಸಂಸ್ಥೆಗಳ ಒಪ್ಪಂದದ ಪ್ರತಿ, ಅವಧಿ, ಇಲಾಖೆಗೆ ಹಸ್ತಾಂತರಿಸಿದ ಸಲಕರಣೆಗಳ ಪಟ್ಟಿ ಕೊಡಿ."

ಅವಧಿಯನ್ನು ಮರೆಯದೆ ಕೇಳಿ, ಯಾಕೆಂದರೆ ನೆರವು ನಡುವೆಯೇ ನಿಂತಿರಬಹುದು. ಅಮೆರಿಕದಲ್ಲಿ ಸರ್ಕಾರ ಬದಲಾದರೆ ಈ ಕ್ಷೇತ್ರದ ನೆರವಿನ ಷರತ್ತೂ ಬದಲಾಗುತ್ತದೆ. 2025ರ ಜುಲೈನಲ್ಲಿ ವಿದೇಶಗಳಿಗೆ ನೆರವು ಕೊಡುತ್ತಿದ್ದ ಅಲ್ಲಿನ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಬಾಗಿಲನ್ನೇ ಹಾಕಿತು.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ ಹಾಕಿ. ಉತ್ತರ ಬಂದರೆ ಅದರ ಜೆರಾಕ್ಸ್ ಪ್ರತಿಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಗೆ ಒಯ್ದು, ಪಟ್ಟಿಯಲ್ಲಿರುವ ಸಲಕರಣೆ ಎಲ್ಲಿದೆ ಅಂತ ತೋರಿಸಲು ಹೇಳಿ.